ಚಂದುವಿನ ಪೆಟ್ರೋಲು

"ಗುರುಗಳೇ, ಹೊಟ್ಟೆಕಿಚ್ಚನ್ನು ಪೂರ್ತಿ ಬಸಿದು ಚೆಲ್ಲುವುದು ಹೇಗೆ?"

ಕೇಳಿದವನು ಅಚ್ಯುತ. ಆಶ್ರಮದಲ್ಲಿ ಸಂಜೆ ಹೊತ್ತು ಗ್ರಂಥ ಓದುವ ಕೆಲಸ ಎಷ್ಟೋ ವರ್ಷಗಳಿಂದ ಅವನದಾಗಿತ್ತು. ಕಳೆದ ಹುಣ್ಣಿಮೆಯಿಂದ ಗುರುಗಳು ಅದನ್ನು ನರಹರಿಗೆ ವಹಿಸಿದ್ದರು. ನರಹರಿ ಈಚೆಗೆ ಬಂದವನು. ಅವನು ಚೆನ್ನಾಗಿ ಓದುತ್ತಿದ್ದ. ಅಚ್ಯುತನಿಗೆ ತೊಂದರೆಯಾದದ್ದೇ ಅದರಿಂದ.

"ಉಪವಾಸ ಮಾಡಿದೆ," ಅಚ್ಯುತ ಹೇಳಿದ. "ಮೌನ ಹಿಡಿದೆ. ಒಳಗಿದ್ದದ್ದನ್ನೆಲ್ಲ ಖಾಲಿ ಮಾಡಿದೆ. ಖಾಲಿಯಾದ ಜಾಗಕ್ಕೆ ಜಪ ತುಂಬಿದೆ. ಆದರೂ ಮನಸ್ಸು ಮುಂದಕ್ಕೆ ಹೋಗುವುದಿಲ್ಲ. ನರಹರಿ ಗ್ರಂಥ ಬಿಚ್ಚಿದ ಕೂಡಲೇ ಮೈಯೆಲ್ಲ ಉರಿಯುತ್ತದೆ. ಅವನು ಒಂದು ಕಡೆಯಾದರೂ ತಪ್ಪಲಿ ಎಂದು ಕಾಯುತ್ತ ಕೂರುತ್ತೇನೆ. ಅವನು ತಪ್ಪುವುದೂ ಇಲ್ಲ."

ಗುರುಗಳು ನಕ್ಕರು. "ಒಂದು ಮೀನಿನ ಕತೆ ಇದೆ. ಮೂಗು ಮುಚ್ಚಿಕೊಳ್ಳುವುದಿದ್ದರೆ ಮುಚ್ಚಿಕೊ. ಕಿವಿ ಮಾತ್ರ ತೆರೆದಿರಲಿ," ಎಂದು ಹೇಳಲು ತೊಡಗಿದರು.

ಕಡಲ ಬದಿಯ ಒಂದು ಊರಿನಲ್ಲಿ ಒಬ್ಬ ಮೀನು ವ್ಯಾಪಾರಿ ಇದ್ದ. ಹೆಸರು ಹೆರಿಯಣ್ಣ. ಬೆಳಿಗ್ಗೆ ಬಂದರಿನಲ್ಲಿ ಮೀನು ಕೊಳ್ಳುವುದು, ಪೆಟ್ಟಿಗೆಗೆ ತುಂಬಿ ಐಸು ಹಾಕುವುದು, ಪೆಟ್ಟಿಗೆಯನ್ನು ಮೋಟಾರ್ ಸೈಕಲ್ಲಿನ ಹಿಂದೆ ಬಿಗಿದು ಸೇತುವೆ ದಾಟಿ ಗುಡ್ಡದ ಮೇಲಿನ ಊರುಗಳಿಗೆ ಹೋಗಿ ಮಾರುವುದು, ಇದು ಅವನ ಕೆಲಸ. ಅವನು ಹಾರನ್ ಹೊಡೆದರೆ ಹೆಂಗಸರು ತಟ್ಟೆ ಹಿಡಿದುಕೊಂಡು ಹೊರಗೆ ಬರುತ್ತಿದ್ದರು. ಮೋಟಾರ್ ಸೈಕಲ್ಲು ಬರುವ ಮೊದಲು ಅವನು ಅದೇ ಗುಡ್ಡವನ್ನು ಸೈಕಲ್ಲು ತಳ್ಳಿಕೊಂಡು ಹತ್ತಿದ್ದ. ಅಷ್ಟು ಬೆವರು ಸುರಿಸಿದ ಮೇಲೆ ಆ ರಸ್ತೆ ತನ್ನದೇ ಎಂದು ಅವನಿಗೆ ಅನ್ನಿಸಿತ್ತು. ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ.

ಆಮೇಲೆ ಅದೇ ರಸ್ತೆಗೆ ಚಂದು ಬಂದ. ಚಂದು ಮರಕಾಲ, ಹೆರಿಯಣ್ಣನಿಗಿಂತ ವಯಸ್ಸಿನಲ್ಲಿ ಚಿಕ್ಕವನು. ಅವನೂ ಅದೇ ಬಂದರಿನಲ್ಲಿ ಮೀನು ಕೊಳ್ಳುತ್ತಿದ್ದ. ಅದೇ ಐಸು, ಅಂಥದೇ ಪೆಟ್ಟಿಗೆ, ಅಂಥದೇ ಮೋಟಾರ್ ಸೈಕಲ್ಲು. ಹೆರಿಯಣ್ಣ ಮೊದಮೊದಲು ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಗುಡ್ಡದ ಮೇಲೆ ಮನೆಗಳು ಬೇಕಾದಷ್ಟಿವೆ, ಅವನೂ ಬದುಕಲಿ ಎಂದ. ತಾನು ಗೆಲ್ಲುತ್ತಿರುವಾಗ ಉದಾರವಾಗಿರುವುದು ಕಷ್ಟದ ಕೆಲಸವಲ್ಲ.

ಬರಬರುತ್ತ ಹೆಂಗಸರು ಚಂದುವಿನ ಹಾರನ್ನಿಗೆ ಕಾಯಲು ಶುರು ಮಾಡಿದರು. ಹೆರಿಯಣ್ಣ ಮುಂಚೆ ಹೋಗಿ ಹಾರನ್ ಹೊಡೆದರೆ "ಇವತ್ತು ಬೇಡ" ಎಂದು ಒಳಗಿನಿಂದಲೇ ಕೂಗುತ್ತಿದ್ದರು. ಅವನು ತಿರುವಿನ ತನಕ ಹೋಗಿ ಹಿಂತಿರುಗಿ ನೋಡುತ್ತಿದ್ದ. ಬೇಡ ಎಂದವಳು ತಟ್ಟೆ ಹಿಡಿದು ಚಂದುವಿನ ಪೆಟ್ಟಿಗೆಯ ಮುಂದೆ ನಿಂತಿರುತ್ತಿದ್ದಳು. ಚಂದು ಏನೋ ಹೇಳುತ್ತಿದ್ದ, ಅವಳು ನಗುತ್ತಿದ್ದಳು. ಹೆರಿಯಣ್ಣನಿಗೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗಾಗುತ್ತಿತ್ತು. ನೋಡಬಾರದು ಎಂದುಕೊಂಡರೂ ಮರುದಿನ ಅದೇ ತಿರುವಿನಲ್ಲಿ ಅವನ ಕತ್ತು ತಾನಾಗಿ ತಿರುಗುತ್ತಿತ್ತು.

ಚಂದುವಿನಲ್ಲಿ ಏನಿದೆ, ತನ್ನಲ್ಲಿ ಏನಿಲ್ಲ? ಹೆರಿಯಣ್ಣ ಇದನ್ನೇ ಯೋಚಿಸತೊಡಗಿದ. ಚಂದುವಿನ ಹಾರನ್ನಿನ ದನಿ ಚೆನ್ನಾಗಿದೆ ಅನ್ನಿಸಿತು. ಅಂಥದೇ ಹಾರನ್ ತಂದು ಹಾಕಿಸಿದ. ಹೆಂಗಸರು ಚಂದು ಬಂದ ಎಂದು ಹೊರಗೆ ಬಂದು, ಹೆರಿಯಣ್ಣನನ್ನು ಕಂಡು ಒಳಗೆ ಹೋದರು. ಅದು ಮೊದಲಿನದಕ್ಕಿಂತ ದೊಡ್ಡ ಅವಮಾನ. ಚಂದುವಿನ ಪೆಟ್ಟಿಗೆ ನೀಲಿ ಬಣ್ಣದ್ದು ಎಂದು ತನ್ನ ಪೆಟ್ಟಿಗೆಗೂ ನೀಲಿ ಬಳಿದ. ಚಂದು ಯಾವ ದೋಣಿಯ ಮೀನು ತೆಗೆದುಕೊಳ್ಳುತ್ತಾನೋ ಅದೇ ದೋಣಿಗೆ ಕಾದು ನಿಂತ. ಏನೂ ಆಗಲಿಲ್ಲ.

ಚಂದು ನಿನ್ನೆಯ ಮೀನಿದ್ದರೆ ಇದು ನಿನ್ನೆಯದು ಎಂದು ಹೇಳಿ ಕೊಡುತ್ತಿದ್ದ. ಬೇಡವಾದರೆ ಬಿಡಿ ಎನ್ನುತ್ತಿದ್ದ. ಹೆಂಗಸರಿಗೆ ಬೇಕಾದದ್ದು ಅಷ್ಟೆ. ಹೆರಿಯಣ್ಣ ಚಂದುವಿನ ಹಾರನ್ ನೋಡಿದ, ಪೆಟ್ಟಿಗೆ ನೋಡಿದ, ಗಾಡಿಯ ಚಕ್ರ ಕೂಡ ಬಗ್ಗಿ ನೋಡಿದ. ಅವನು ಆಡುವ ಮಾತನ್ನು ಮಾತ್ರ ಒಂದು ದಿನವೂ ಕಿವಿಗೊಟ್ಟು ಕೇಳಲಿಲ್ಲ. ಕೇಳುವಷ್ಟು ಹತ್ತಿರ ಹೋಗಲು ಅವನಿಗೆ ಮನಸ್ಸಿರಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತರೂ ಅದೇ ಮಾತು. ಚಂದು ಇವತ್ತು ಬಂಗುಡೆ ತಂದಿದ್ದ, ಚಂದು ಇವತ್ತು ಬೇಗ ಖಾಲಿ ಮಾಡಿದ, ಚಂದು ಹೊಸ ಚಪ್ಪಲಿ ಹಾಕಿದ್ದಾನೆ. ಹೆಂಡತಿ ಕೇಳಿ ಕೇಳಿ ರೋಸಿಹೋದಳು. "ನಿಮ್ಮ್ ಬಾಯಲ್ ದೇವ್ರ ಹೆಸ್ರ್ ಬತ್ತಿಲ್ಲ, ಚಂದು ಹೆಸ್ರ್ ಬತ್ತತ್," ಎಂದು ಸಾರು ಬಡಿಸಿ ಎದ್ದು ಹೋದಳು. ಅಚ್ಯುತ, ನೀನು ಜಪದ ವಿಷಯ ಹೇಳಿದೆಯಲ್ಲ, ಅದಕ್ಕೇ ಈ ಮಾತು ನೆನಪಾಯಿತು.

ಹೀಗಿರುವಾಗ ಗುಡ್ಡದ ಮೇಲಿನ ಜಲಜಕ್ಕ ಒಂದು ದಿನ ಹೆರಿಯಣ್ಣನನ್ನು ಕರೆದಳು. ಜಲಜಕ್ಕನ ಮಗಳು ಹೆರಿಗೆಗೆ ಬಂದಿದ್ದಳು, ಹೆತ್ತು ಬಾಣಂತಿಯಾಗಿದ್ದಳು. ನಾಳೆಯಿಂದ ಅವಳಿಗೆ ಮೀನು ಕೊಡಬಹುದು ಎಂದು ಹಿರಿಯರು ಹೇಳಿದ್ದರು. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಬಾಣಂತಿಯ ಮೊದಲ ಮೀನು ಸಾರಿಗೆ ಐಸು ತಾಗದ ಮೀನೇ ಆಗಬೇಕು. ಐಸು ತಾಗಿದ್ದು ಬಾಣಂತಿಗೆ ಶೀತ ಎಂದು ಅವರ ನಂಬಿಕೆ. ಅದನ್ನು ತರುವವನೂ ಆ ಮನೆಗೆ ಹಳಬನಾಗಿರಬೇಕು. ಜಲಜಕ್ಕ ಇದೇ ಮಗಳನ್ನು ಹೆತ್ತು ಮಲಗಿದ್ದಾಗ ಸೈಕಲ್ಲಿನಲ್ಲಿ ಕಾಣೆ ಎನ್ನುವ ಮೀನು ತಂದುಕೊಟ್ಟವನು ಹೆರಿಯಣ್ಣನೇ.

"ಇದ್ಕೂ ನೀನೇ ತಕಂಬಾ ಹೆರಿಯಣ್ಣ," ಜಲಜಕ್ಕ ಹೇಳಿದಳು. "ಮಧ್ಯಾಹ್ನದ್ ಊಟದೊಳ್ಗೆ ಬಂದ್ರೆ ಆಯ್ತ್."

ಹೆರಿಯಣ್ಣನಿಗೆ ಎಷ್ಟೋ ದಿನಗಳ ಮೇಲೆ ಎದೆ ತುಂಬಿ ಬಂತು. ಚಂದುವನ್ನು ಬಿಟ್ಟು ತನ್ನನ್ನು ಕರೆದಳಲ್ಲ. ಒಂದು ಮನೆಯಾದರೂ ತನ್ನ ದಾರಿ ಕಾಯುತ್ತದಲ್ಲ. ಇಡೀ ಗುಡ್ಡದಲ್ಲಿ ಅವನಿಗೆ ಉಳಿದಿದ್ದದ್ದು ಆ ಒಂದು ಮನೆ. ಅದು ಕೈಬಿಟ್ಟರೆ ಇಷ್ಟು ವರ್ಷ ಆ ಗುಡ್ಡ ಹತ್ತಿ ಇಳಿದದ್ದು ಬರೀ ಹತ್ತಿ ಇಳಿದದ್ದಷ್ಟೇ ಆಗಿಬಿಡುತ್ತಿತ್ತು.

ಮೀನು ತೆಗೆದುಕೊಂಡು ಮಧ್ಯಾಹ್ನದೊಳಗೆ ಹೋಗಿಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಟ್ಟೆಕಿಚ್ಚಿನವನಿಗೆ ಹೊತ್ತಿಗೆ ಸರಿಯಾಗಿ ಮುಟ್ಟುವುದು ಸಾಲದು, ಇನ್ನೊಬ್ಬನಿಗಿಂತ ಮುಂಚೆ ಮುಟ್ಟಬೇಕು. ಜಲಜಕ್ಕನ ಮನೆಯಿಂದ ತಾನು ಹೊರಗೆ ಬರುವಾಗ ಚಂದು ಇನ್ನೂ ಗುಡ್ಡ ಹತ್ತುತ್ತಿರಬೇಕು, ತನ್ನನ್ನು ನೋಡಬೇಕು ಎಂದು ಹೆರಿಯಣ್ಣನಿಗೆ ಆಸೆಯಾಯಿತು. ರಾತ್ರಿ ಮಲಗಿದಾಗಲೂ ಚಂದುವಿನ ಮುಖ ಹೇಗೆ ಸಣ್ಣದಾಗುತ್ತದೆ ಎಂಬುದನ್ನೇ ನೆನೆದು ಹಿಗ್ಗಿದ.

ಒಂದು ತೊಡಕಿತ್ತು. ಹೆರಿಯಣ್ಣನ ಗಾಡಿ ಏರಿನಲ್ಲಿ ಕೆಮ್ಮುತ್ತಿತ್ತು. ಚಂದುವಿನ ಗಾಡಿ ಕೆಮ್ಮುತ್ತಿರಲಿಲ್ಲ. ಎರಡೂ ಒಂದೇ ಕಂಪನಿಯ ಗಾಡಿ. ಯಾವುದಾದರೂ ಗ್ಯಾರೇಜಿನಲ್ಲಿ ತೋರಿಸಿದ್ದರೆ ಗಾಳಿಯ ಫಿಲ್ಟರಿನಲ್ಲಿ ಧೂಳು ಕೂತಿದೆ ಎಂದು ಹೇಳುತ್ತಿದ್ದರು. ಹೆರಿಯಣ್ಣ ತನ್ನ ಗಾಡಿಯನ್ನು ನೋಡಲಿಲ್ಲ, ಚಂದು ಎಲ್ಲಿ ಪೆಟ್ರೋಲು ಹಾಕಿಸುತ್ತಾನೆ ಎಂದು ನೋಡಿದ. ಚಂದು ಸೇತುವೆಯ ಆಚೆಯ ಬಂಕಿನಲ್ಲಿ ಹಾಕಿಸುತ್ತಿದ್ದ. ಹೆರಿಯಣ್ಣ ಬಂದರಿನ ಪಕ್ಕದ ಬಂಕಿನಲ್ಲಿ. ಸಿಕ್ಕಿತು ಗುಟ್ಟು ಎಂದುಕೊಂಡ.

ಮರುದಿನ ಬಂದರಿನಲ್ಲಿ ದೋಣಿ ಬಂದ ಕೂಡಲೇ ಒಳ್ಳೆಯ ಕಾಣೆ ಮೀನು ಆರಿಸಿಕೊಂಡ. ಬಾಣಂತಿಗೆಂದು ಅದನ್ನು ಐಸಿಗೆ ಹಾಕದೆ ಒದ್ದೆ ಬಾಳೆಲೆಯಲ್ಲಿ ಸುತ್ತಿ ಪೆಟ್ಟಿಗೆಯ ಮೇಲೆ ಬೇರೆಯಾಗಿ ಕಟ್ಟಿದ. ಚಂದು ಇನ್ನೂ ದೋಣಿಯ ಹತ್ತಿರ ಮೀನು ತಿರುವಿ ನೋಡುತ್ತಿದ್ದ. ಹೆರಿಯಣ್ಣ ಯಾರಿಗೂ ಹೇಳದೆ ಹೊರಟು ಸೇತುವೆ ದಾಟಿದ.

ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲಿತ್ತು. ಅದರ ಮೇಲೆಯೇ ಹೊಸತನ್ನು ಹಾಕಿಸಬಹುದಿತ್ತು. ಆದರೆ ಹಳೆಯದರ ಜೊತೆ ಬೆರೆತರೆ ಚಂದುವಿನ ಪೆಟ್ರೋಲಿನ ಗುಣ ಕೆಡುತ್ತದೆ ಎಂದು ಅವನಿಗೆ ಅನ್ನಿಸಿತು. ಬಂಕಿನಿಂದ ಸ್ವಲ್ಪ ದೂರದಲ್ಲಿ ಗಾಡಿ ನಿಲ್ಲಿಸಿದ. ಟ್ಯಾಂಕಿನಿಂದ ಕೆಳಕ್ಕೆ ಬರುವ ಪೈಪನ್ನು ಕಿತ್ತು, ಇದ್ದ ಪೆಟ್ರೋಲನ್ನೆಲ್ಲ ಜೊತೆಗೆ ತಂದಿದ್ದ ಒಂದು ಕ್ಯಾನಿಗೆ ಬಸಿದ. ಆಮೇಲೆ ಪೈಪನ್ನು ಮತ್ತೆ ಸಿಕ್ಕಿಸಿ, ಕ್ಯಾನನ್ನು ಪೆಟ್ಟಿಗೆಯ ಪಕ್ಕಕ್ಕೆ ಬಿಗಿದು, ಗಾಡಿಯನ್ನು ಬಂಕಿಗೆ ತಳ್ಳಿಕೊಂಡು ಹೋಗಿ ಚಂದು ಹಾಕಿಸುವ ಪೆಟ್ರೋಲು ಹಾಕಿಸಿದ.

ಇಲ್ಲಿ ಒಂದು ಸಣ್ಣ ವಿಷಯ ಇದೆ. ಅಂಥ ಗಾಡಿಗಳಲ್ಲಿ ಟ್ಯಾಂಕಿನ ಅಡಿಗೆ ಹೆಬ್ಬೆರಳಿನಷ್ಟು ಉದ್ದದ ಒಂದು ಕೀಲಿರುತ್ತದೆ. ಕಾಕ್ ಎನ್ನುತ್ತಾರೆ. ನೆಟ್ಟಗಿಟ್ಟರೆ ಪೆಟ್ರೋಲು ಕೆಳಗೆ ಇಳಿಯುತ್ತದೆ, ಅಡ್ಡಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಪೈಪು ಸಿಕ್ಕಿಸುವಾಗ ಹೆರಿಯಣ್ಣ ಅದನ್ನು ಅಡ್ಡಕ್ಕೆ ತಿರುಗಿಸಿದ್ದ. ಮತ್ತೆ ನೆಟ್ಟಗೆ ಮಾಡಬೇಕಿತ್ತು. ಆ ಹೊತ್ತಿಗೆ ಅವನ ಕಣ್ಣು ಸೇತುವೆಯ ಕಡೆಗಿತ್ತು, ಚಂದು ಬಂದನೇ ಎಂದು.

ಗಾಡಿ ಒಂದೇ ಕಿಕ್ಕಿಗೆ ಸ್ಟಾರ್ಟ್ ಆಯಿತು. ಹೆರಿಯಣ್ಣನಿಗೆ ಖುಷಿಯೋ ಖುಷಿ. ನೋಡು, ಇದೇ ಚಂದುವಿನ ಪೆಟ್ರೋಲು, ಇಷ್ಟು ದಿನ ಇದನ್ನು ಬಚ್ಚಿಟ್ಟುಕೊಂಡು ಮೆರೆದನಲ್ಲ ಎಂದುಕೊಂಡ. ಇಂಜಿನ್ನಿನ ಸದ್ದೇ ಬೇರೆಯಾಗಿದೆ ಅನ್ನಿಸಿತು. ನಿಜ ಹೇಳಬೇಕೆಂದರೆ ಆಗ ಉರಿಯುತ್ತಿದ್ದದ್ದು ಅವನದೇ ಹಳೆಯ ಪೆಟ್ರೋಲು. ಪೈಪು ಕಿತ್ತು ಟ್ಯಾಂಕು ಬಸಿದರೂ ಕಾರ್ಬುರೇಟರಿನಲ್ಲಿ ಒಂದು ಗುಟುಕು ಉಳಿದಿರುತ್ತದೆ. ಅದರ ಬಲದಿಂದಲೇ ಗಾಡಿ ಹೊರಟಿತ್ತು. ತನ್ನದೇ ಪೆಟ್ರೋಲಿನಲ್ಲಿ ಓಡುತ್ತ ಅವನು ಚಂದುವಿನದನ್ನು ಹೊಗಳುತ್ತಿದ್ದ.

ಏರು ಶುರುವಾಗುವಲ್ಲಿ ಆ ಗುಟುಕು ಮುಗಿಯಿತು. ಗಾಡಿ ನಿಂತಿತು.

ಹೆರಿಯಣ್ಣ ಕಿಕ್ ಹೊಡೆದ. ಮತ್ತೆ ಹೊಡೆದ. ಚೋಕ್ ಎಳೆದು ಹೊಡೆದ. ಪ್ಲಗ್ ಬಿಚ್ಚಿ ಲುಂಗಿಯ ತುದಿಯಿಂದ ಒರೆಸಿ ಹಾಕಿದ. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ, ಪೆಟ್ರೋಲು ತುಂಬಿತ್ತು. ಗಾಡಿಯನ್ನು ಹಿಡಿದು ಅಲ್ಲಾಡಿಸಿದ. ಪೆಟ್ರೋಲು ಒಳಗೆ ಕುಲುಕಿತು. ಇಷ್ಟಿದ್ದೂ ಇಂಜಿನ್ನು ಮಾತಾಡುವುದಿಲ್ಲ ಎಂದರೆ ಏನರ್ಥ? ಒಂದೇ ಅರ್ಥ ಎಂದು ಅವನಿಗೆ ಅನ್ನಿಸಿತು. ಬಂಕಿನವನು ಮೋಸ ಮಾಡಿದ. ಚಂದುವಿಗೆ ಕೊಡುವುದೇ ಬೇರೆ, ತನಗೆ ಕೊಟ್ಟದ್ದೇ ಬೇರೆ. ಇವರೆಲ್ಲ ಒಂದೇ ಕಡೆ ಸೇರಿಕೊಂಡಿದ್ದಾರೆ.

ಬಿಸಿಲು ಏರುತ್ತಿತ್ತು. ಬಾಳೆಲೆ ಬಾಡುತ್ತಿತ್ತು. ಹೆರಿಯಣ್ಣ ಸಿಟ್ಟಿನಿಂದ ಮತ್ತೆ ಪೈಪು ಕಿತ್ತ. ಯಾವ ಪೆಟ್ರೋಲಿಗಾಗಿ ಟ್ಯಾಂಕು ಬಸಿದಿದ್ದನೋ ಅದನ್ನೆಲ್ಲ ರಸ್ತೆಯ ಪಕ್ಕದ ಮಣ್ಣಿಗೆ ಬಿಟ್ಟ. ಕ್ಯಾನಿನಲ್ಲಿದ್ದ ತನ್ನ ಹಳೆಯ ಪೆಟ್ರೋಲನ್ನು ಟ್ಯಾಂಕಿಗೆ ಸುರಿದ. ಬಸಿಯುವಾಗ ಕಾಕ್ ತೆರೆದದ್ದು ಅವನ ಕೈಯೇ. ಪೈಪು ಸಿಕ್ಕಿಸುವಾಗ ಅದನ್ನು ಮತ್ತೆ ಅಡ್ಡಕ್ಕೆ ತಿರುಗಿಸಿದ್ದೂ ಅವನ ಕೈಯೇ. ಇಷ್ಟು ವರ್ಷ ಗಾಡಿ ಓಡಿಸಿದವನ ಕೈ, ಅದಕ್ಕೆ ಕಣ್ಣಿನ ಸಹಾಯ ಬೇಕಿರಲಿಲ್ಲ. ಕಣ್ಣು ಈಗಲೂ ಸೇತುವೆಯ ಮೇಲಿತ್ತು. ಕಿಕ್ ಹೊಡೆದ. ಗಾಡಿ ಸ್ಟಾರ್ಟ್ ಆಗಲಿಲ್ಲ. ಈ ಸಲ ಬೈಯಲು ಬಂಕಿನವನೂ ಇರಲಿಲ್ಲ.

ಅಷ್ಟರಲ್ಲಿ ಚಂದು ಬಂದ.

ಹೆರಿಯಣ್ಣನಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಎನ್ನಿಸಿತು. ತಲೆ ಎತ್ತಲಿಲ್ಲ. ಚಂದು ನೋಡಿಯೂ ನೋಡದವನಂತೆ ಹೋಗಿಬಿಡಲಿ ಎಂದು ಬೇಡಿಕೊಂಡ. ಚಂದು ಹೋಗಲಿಲ್ಲ. ಗಾಡಿ ನಿಲ್ಲಿಸಿ ಇಳಿದು ಬಂದ.

"ಎಂತ ಆಯ್ತ್ ಹೆರಿಯಣ್ಣ? ಗಾಡಿ ನಿಂತ್ ಹೋಯ್ತಾ?" ಎಂದು ಕೇಳುತ್ತ ಬಗ್ಗಿ ನೋಡಿದ. ನೋಡಿದ್ದೇ ನಕ್ಕ. ಕೆಟ್ಟ ನಗುವಲ್ಲ, ಯಾರಿಗೂ ಒಮ್ಮೊಮ್ಮೆ ಆಗುತ್ತದೆ ಎನ್ನುವ ನಗು. "ಕಾಕ್ ಬಂದ್ ಆಯ್ಕಂಡ್ ಇತ್ತಲ ಮಾರಾಯಾ!"

ಹೆರಿಯಣ್ಣ ನೋಡಿದ. ಹೌದು, ಅಡ್ಡಕ್ಕಿತ್ತು. ಎಲ್ಲವೂ ಒಂದೇ ಕ್ಷಣದಲ್ಲಿ ಅವನಿಗೆ ಅರ್ಥವಾಯಿತು. ಬಂಕಿನವನು ಮೋಸ ಮಾಡಿರಲಿಲ್ಲ, ಪೆಟ್ರೋಲು ಕೆಟ್ಟಿರಲಿಲ್ಲ. ಕೈ ಚಾಚಿ ಬೆರಳಿನಿಂದ ತಿರುಗಿಸಿದರೆ ಮುಗಿಯಿತು. ಕೈ ಅರ್ಧ ದಾರಿಗೆ ಹೋಯಿತು, ಅಲ್ಲೇ ನಿಂತಿತು. ಈಗ ತಿರುಗಿಸಿದರೆ ಚಂದು ಹೇಳಿದ್ದಕ್ಕೆ ತಿರುಗಿಸಿದ ಹಾಗಾಗುತ್ತದೆ. ಗಾಡಿ ಹೊರಟರೆ ಚಂದುವಿನಿಂದ ಹೊರಟ ಹಾಗಾಗುತ್ತದೆ. ಕಾಣೆ ಮೀನು ಜಲಜಕ್ಕನ ಮನೆ ಮುಟ್ಟಿದರೂ ಅದು ಚಂದುವಿನ ಉಪಕಾರದಿಂದ ಮುಟ್ಟಿದ್ದು. ನಾಳೆ ಇಡೀ ಬಂದರಿನಲ್ಲಿ ಇದೇ ಮಾತಾಗುತ್ತದೆ. ಅದು ಅವನಿಂದ ತಡೆಯಲಾಗುವಂಥದ್ದಲ್ಲ.

"ನಾನೇ ಬಂದ್ ಮಾಡಿದ್ದ್," ಹೆರಿಯಣ್ಣ ಹೇಳಿದ. "ಇಂಜಿನ್ ಬಿಸಿ ಆಯಿತ್ತ್. ತಣೀಲಿ ಅಂದ್ಕಂಡ್. ನೀ ಹೋಗ್."

"ಹಂಗಾರೆ ತಣೀಲಿ," ಎಂದು ಚಂದು ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟ. "ಬಿಸ್ಲಿನಗೆ ನಿನ್ನೊಬ್ನೇ ಬಿಟ್ ಹೋಪುದ್ ಹ್ಯಾಂಗ್?"

ಈಗ ನೋಡು, ಇಬ್ಬರೂ ಅಲ್ಲಿದ್ದಾರೆ. ಒಬ್ಬ ಒಳ್ಳೆಯತನದಿಂದ ಏಳುವುದಿಲ್ಲ. ಇನ್ನೊಬ್ಬ ಅವನು ಏಳುವ ತನಕ ಕಾಕ್ ಮುಟ್ಟುವುದಿಲ್ಲ. ಗಾಡಿಗೆ ಏನೂ ಆಗಿಲ್ಲ. ಪೆಟ್ಟಿಗೆಗಳಿಂದ ಐಸು ಕರಗಿ ನೀರು ತೊಟ್ಟಿಕ್ಕುತ್ತಿದೆ. ಬಾಳೆಲೆಯೊಳಗಿನ ಮೀನಿಗೆ ಆ ಐಸೂ ಇಲ್ಲ. ಗುಡ್ಡದ ಮೇಲೆ ಜಲಜಕ್ಕ ಮಸಾಲೆ ಅರೆದಿಟ್ಟು ಬಾಗಿಲಿಗೂ ಅಡುಗೆಮನೆಗೂ ಓಡಾಡುತ್ತಿದ್ದಾಳೆ. ಹೆರಿಯಣ್ಣನಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಇಂಜಿನ್ನಿನ ಮೇಲೆ ಕೈಯಿಟ್ಟು ಬಿಸಿ ನೋಡುವ ನಾಟಕ ಮಾಡಿದ. ಇಂಜಿನ್ನು ಆಗಲೇ ತಣ್ಣಗಾಗಿತ್ತು. ಉರಿಯುತ್ತಿದ್ದವನು ಅವನೇ.

ಚಂದು ಬಾಳೆಲೆಯ ಕಟ್ಟನ್ನು ನೋಡಿದ. ಅವನೂ ಮೀನಿನವನೇ, ಐಸಿಲ್ಲದ ಕಟ್ಟು ಯಾತಕ್ಕೆ ಎಂದು ಅವನಿಗೆ ಹೇಳಬೇಕಾಗಿರಲಿಲ್ಲ.

"ಜಲಜಕ್ಕನ ಮನಿ ಬಾಣಂತಿಗಲ್ದಾ?" ಎಂದ. "ಕೊಡ್, ನಾನ್ ಮುಟ್ಸ್ತೆ. ಹೆರಿಯಣ್ಣ ಕೊಟ್ಟದ್ ಅಂದೇ ಹೇಳ್ತೆ."

ಹೆರಿಯಣ್ಣನಿಗೆ ಇದಕ್ಕಿಂತ ಒಂದು ಏಟು ತಿನ್ನುವುದು ಲೇಸಾಗಿತ್ತು. "ಆ ಮನಿಗೆ ಆಗ್ಲೇ ಕಳ್ಸಿ ಆಯ್ತ್. ಇದ್ ಬೇರೆ ಮನಿದ್," ಎಂದ.

ಅದು ಸುಳ್ಳೆಂದು ಚಂದುವಿಗೆ ಗೊತ್ತಾಯಿತು. ಗೊತ್ತಾಯಿತೆಂದು ಹೆರಿಯಣ್ಣನಿಗೂ ಗೊತ್ತಾಯಿತು. ತಾನು ಇಲ್ಲಿರುವುದೇ ಅಡ್ಡಿ ಎಂದು ಚಂದುವಿಗೆ ಆಗ ಹೊಳೆದಿರಬೇಕು. ಎದ್ದ, ಗಾಡಿ ಸ್ಟಾರ್ಟ್ ಮಾಡಿದ, ಹೋದ. ತಿರುವಿನಲ್ಲಿ ಹಿಂತಿರುಗಿ ನೋಡಲಿಲ್ಲ.

ಅವನ ಗಾಡಿಯ ಸದ್ದು ಪೂರ್ತಿ ಅಡಗುವ ತನಕ ಹೆರಿಯಣ್ಣ ಕಾದ. ಆಮೇಲೆ ಬಗ್ಗಿ ಕಾಕ್ ತಿರುಗಿಸಿದ. ಪೆಟ್ರೋಲು ಕೆಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕು. ಇಷ್ಟು ಹೊತ್ತು ಕಾದವನಿಗೆ ಆ ಸ್ವಲ್ಪ ಹೊತ್ತು ಕಾಯಲು ಆಗಲಿಲ್ಲ, ಕಿಕ್ಕಿನ ಮೇಲೆ ಕಿಕ್ ಹೊಡೆದ. ಅದರಿಂದ ಇನ್ನಷ್ಟು ತಡವಾಗಿ, ಕೊನೆಗೆ ಇಂಜಿನ್ನು ಹೊತ್ತಿಕೊಂಡಿತು. ಗುಡ್ಡದುದ್ದಕ್ಕೂ ಕೆಮ್ಮುತ್ತ ಹತ್ತಿತು.

ಜಲಜಕ್ಕ ಅಂಗಳದಲ್ಲೇ ನಿಂತಿದ್ದಳು. ಊಟದ ಹೊತ್ತು ಮೀರಿತ್ತು.

"ಬಂದ್ಯಾ? ಕಾದ್ ಕಾದ್ ಸಾಕಾಯ್ತ್ ಹೆರಿಯಣ್ಣ," ಎಂದಳು. "ಚಂದು ಬಂದಿದ್ದ. ಐಸ್ ತಾಗಿದ್ದಾರೂ ಅಡ್ಡಿಲ್ಲ, ಕೊಡ್ ಅಂದೆ. ನಾ ತಟ್ಟಿ ಹಿಡಿದ್ರೂ ಕೊಡ್ಲಿಲ್ಲ. ನನ್ನ ಮೀನ್ ಇವತ್ತ್ ಬಾಣಂತಿಗ್ ಆಪುದಲ್ಲ, ಹೆರಿಯಣ್ಣ ಹಿಂದ್ ಬತ್ತಾ ಇದ್ದ, ಅವ್ನತ್ರ ಒಳ್ಳೆ ಕಾಣಿ ಮೀನ್ ಇತ್ತ್, ಸ್ವಲ್ಪ ಕಾಯಿ ಅಂದ. ಅದ್ಕೇ ಕಾದೆ. ಹುಡ್ಗಿ ಹಸಿವ್ ತಡೂಕೆ ಆಗ್ದೆ ಗಂಜಿ ಉಂಡ್ ಮನಿಕಂಡ್ಳ್."

ಹೆರಿಯಣ್ಣ ಕಟ್ಟನ್ನು ಕೊಟ್ಟ. ಜಲಜಕ್ಕ ಎಲೆ ಬಿಡಿಸಿ ಮೀನನ್ನು ಬೆರಳಿನಿಂದ ಒತ್ತಿದಳು. ತಾಜಾ ಮೀನಾದರೆ ಒತ್ತಿದ ಗುಳಿ ತಾನಾಗಿ ಮೇಲೆ ಬರುತ್ತದೆ. ಬರಲಿಲ್ಲ. ಬೆರಳಿನ ಗುರುತು ಹಾಗೇ ಉಳಿಯಿತು. ಅವಳು ಮರ್ಯಾದಸ್ಥೆ, ಮುಖ ಕಿವುಚಲಿಲ್ಲ, ಒಂದು ಗಡಸು ಮಾತೂ ಆಡಲಿಲ್ಲ.

"ಇದ್ ಇಲ್ಲೇ ಇಡ್, ನಾವ್ ತಿಂತೊ," ಎಂದಳು. "ಅವ್ಳಿಗೆ ನಾಳೆ ಮಾಡುವ. ನಾಳೆ ಯಾರ್ ತಂದ್ರೂ ಅಡ್ಡಿಲ್ಲ."

ಯಾರು ತಂದರೂ ಅಡ್ಡಿಯಿಲ್ಲ. ಅವಳು ಅದನ್ನು ಸಮಾಧಾನಕ್ಕೆ ಹೇಳಿದಳು. ಹೆರಿಯಣ್ಣ ಅದನ್ನು ಕೇಳಿಸಿಕೊಂಡು ಅಂಗಳದಲ್ಲೇ ನಿಂತ. ಒಳಗೆ ಮಗು ಅಳುತ್ತಿತ್ತು. ಅದರ ಅಮ್ಮ ಹುಟ್ಟಿದಾಗ ಇದೇ ಅಂಗಳಕ್ಕೆ ಸೈಕಲ್ಲು ತಳ್ಳಿಕೊಂಡು ಬಂದವನು ಅವನು. ಅವತ್ತು ಏದುಸಿರು ಬಿಡುತ್ತ ಬಂದವನನ್ನು ಕೂರಿಸಿ ಮಜ್ಜಿಗೆ ಕೊಟ್ಟಿದ್ದರು. ಇವತ್ತು ಕೂರು ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ಅವನು ಕೂರುತ್ತಿರಲಿಲ್ಲ.

ಅವನಿಗೆ ಪಶ್ಚಾತ್ತಾಪವಾಯಿತು ಎಂದು ಹೇಳಿದರೆ ನಿನಗೆ ಹಿತವಾಗಬಹುದು, ಅಚ್ಯುತ. ಆಗಲಿಲ್ಲ. ಗುಡ್ಡ ಇಳಿಯುವಾಗ ಅವನ ಮನಸ್ಸಿನಲ್ಲಿ ಮೀನು ಕೆಟ್ಟ ದುಃಖ ಇರಲಿಲ್ಲ, ಬಾಣಂತಿ ಬರೀ ಗಂಜಿ ಉಂಡಳಲ್ಲ ಎಂಬ ಮರುಕ ಇರಲಿಲ್ಲ. ಚಂದು ಮೀನು ಮಾರದೆಯೂ ಗೆದ್ದುಬಿಟ್ಟನಲ್ಲ ಎಂಬ ಉರಿಯೊಂದೇ ಇತ್ತು. ಅಲ್ಲಿಯ ತನಕ ಅವನಿಗೆ ಚಂದುವಿನ ವ್ಯಾಪಾರದ ಮೇಲೆ ಹೊಟ್ಟೆಕಿಚ್ಚು. ಅವತ್ತಿನಿಂದ ಚಂದುವಿನ ಒಳ್ಳೆಯತನದ ಮೇಲೆ.

ಗುರುಗಳು ಕತೆ ನಿಲ್ಲಿಸಿದರು.

ಅಚ್ಯುತನಿಗೆ ಹೆರಿಯಣ್ಣನ ಮೇಲೆ ಸಿಟ್ಟು ಬಂದಿತ್ತು. ಕತೆಯಲ್ಲಿರುವವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. "ಎಂಥ ಮೂರ್ಖ ಗುರುಗಳೇ!" ಎಂದ. "ಎರಡೆರಡು ಸಲ ಬಸಿದ, ಎರಡೆರಡು ಸಲ ತುಂಬಿಸಿದ. ಒಂದು ಸಲ ಕಾಕ್ ತಿರುಗಿಸಿದ್ದರೆ ಸಾಕಿತ್ತಲ್ಲ."

"ತಿರುಗಿಸಿದನಲ್ಲ," ಗುರುಗಳು ಹೇಳಿದರು. "ಗಾಡಿಯೂ ಹೊರಟಿತಲ್ಲ."

ಅಚ್ಯುತ ಯೋಚಿಸಿದ. ಗುರುಗಳು ಹೇಳಿದ್ದು ಸರಿಯಾಗಿತ್ತು. ಹೆರಿಯಣ್ಣ ಕೊನೆಗೆ ಮಾಡಬೇಕಾದದ್ದನ್ನೇ ಮಾಡಿದ್ದ. ಆದರೂ ಅವನ ಉರಿ ಆರಿರಲಿಲ್ಲ. ಆಚೆ ಜಗಲಿಯಲ್ಲಿ ನರಹರಿ ಸಂಜೆಯ ಪಾಠಕ್ಕೆ ಗ್ರಂಥದ ಪೀಠ ಇಡುತ್ತಿದ್ದ. ಆ ಸದ್ದು ಇಬ್ಬರಿಗೂ ಕೇಳಿಸಿತು.

"ಹಾಗಾದರೆ ಅವನು ತಪ್ಪಿದ್ದು ಎಲ್ಲಿ?" ಅಚ್ಯುತ ಮೆಲ್ಲಗೆ ಕೇಳಿದ.

ಗುರುಗಳು ಜಗಲಿಯ ಕಡೆ ನೋಡಿದರು. ಆಮೇಲೆ ಅಚ್ಯುತನನ್ನು ನೋಡಿದರು.

"ಚಂದು ನೋಡುತ್ತಿರುವಾಗಲೇ ತಿರುಗಿಸಬೇಕಿತ್ತು."